ಸುಳ್ಳು ದಾಖಲೆ ಬರೆದವರಿಗೆ ಶಿಕ್ಷೆಯಾಗಲಿ: ಹಕ್ಕೊತ್ತಾಯ ಪತ್ರ

ಇವರಿಗೆ,
ಮಾನ್ಯ ಮುಖ್ಯಮಂತ್ರಿಗಳು, ಮಾನ್ಯ ಕಂದಾಯ ಸಚಿವರು ಹಾಗೂ ಮಾನ್ಯ ಗೃಹ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು.

ವಿಷಯ: ಕಂದಾಯ ದಾಖಲೆಗಳನ್ನು ಬೇಕೆಂದೇ ತಿದ್ದುವ, ಸೃಷ್ಟಿಸುವ ಅಧಿಕಾರಿ ಮತ್ತು ನೌಕರರ ಮೇಲೆ ಕ್ರಿಮಿನಲ್ ಕ್ರಮ ಜರುಗಿಸುವ ಕುರಿತು.

ಮಾನ್ಯರೇ,

ಪಹಣಿಯ 9ನೇ ಕಾಲಂನಲ್ಲಿ ಹೆಸರು ಬದಲಾದರೆ ರೈತನಿಗೆ ಸೊಸೈಟಿ ಸಾಲ ಹುಟ್ಟುವುದಿಲ್ಲ, ಬೆಳೆ ಪರಿಹಾರ ಇನ್ನೊಬ್ಬರ ಪಾಲಾಗುತ್ತದೆ, ಜಮೀನು ಅವನಿಗೆ ಗೊತ್ತಿಲ್ಲದೆ ಕ್ರಯವಾಗುತ್ತದೆ. ಕರ್ನಾಟಕ ಭೂಕಂದಾಯ ಕಾಯ್ದೆ, 1964ರ ಸೆಕ್ಷನ್ 133ರ ಪ್ರಕಾರ ಪಹಣಿಯ ನಮೂದನ್ನು ಸುಳ್ಳೆಂದು ಸಾಬೀತಾಗುವವರೆಗೆ ನಿಜವೆಂದೇ ಭಾವಿಸಬೇಕು. ಹಾಗಾಗಿ ಅದನ್ನು ಸುಳ್ಳೆಂದು ತೋರಿಸುವ ಹೊರೆ ಮೋಸಹೋದವನ ಹೆಗಲಿಗೇ ಬೀಳುತ್ತದೆ. ಎಸಿ ಕೋರ್ಟು, ಡಿಸಿ ಕೋರ್ಟು ಅಲೆದು ಕೊನೆಗೆ ನಮೂದು ಸರಿಯಾದರೂ, ಅದನ್ನು ಬರೆದವರು ಅಷ್ಟರಲ್ಲಿ ವರ್ಗವಾಗಿಯೋ ಬಡ್ತಿ ಪಡೆದೋ ಹೋಗಿರುತ್ತಾರೆ. ಪಹಣಿ ತಿದ್ದುಪಡಿಯಾದರೆ ಅರ್ಧ ನ್ಯಾಯ ಮಾತ್ರ. ಉಳಿದರ್ಧಕ್ಕಾಗಿ ಈ ಹಕ್ಕೊತ್ತಾಯಗಳು:

1. ಎಫ್‌ಐಆರ್ ಕಡ್ಡಾಯವಾಗಲಿ. ದಾಖಲೆ ನಕಲಿಯೆಂದು ಎಸಿ ಅಥವಾ ಡಿಸಿ ತೀರ್ಮಾನಿಸಿದರೆ, 30 ದಿನದೊಳಗೆ ಇಲಾಖೆಯೇ ಪೊಲೀಸರಿಗೆ ದೂರು ಕೊಡಬೇಕು. ‘ಇದು ಸಿವಿಲ್ ಮ್ಯಾಟರ್’ ಎಂದು ಹಿಂಬರಹ ಕೊಟ್ಟು ಠಾಣೆಯಿಂದ ಸಾಗಹಾಕುವುದು ನಿಲ್ಲಬೇಕು.

2. ಅನುಮತಿಯ ನೆಪ ಕೊನೆಯಾಗಲಿ. ಮರಣ ಪ್ರಮಾಣಪತ್ರ, ವಂಶವೃಕ್ಷ ಸೃಷ್ಟಿಸಿದ ಆರೋಪ ಹೊತ್ತ ಹಾಸನ ಜಿಲ್ಲೆಯ ಗ್ರಾಮಲೆಕ್ಕಿಗರೊಬ್ಬರ ಮೇಲಿನ ಪ್ರಕರಣವನ್ನು, ಮೊಕದ್ದಮೆ ಹೂಡಲು ಸರ್ಕಾರದ ಪೂರ್ವಾನುಮತಿ ಇಲ್ಲವೆಂಬ ಕಾರಣಕ್ಕೆ ಹೈಕೋರ್ಟ್ ರದ್ದು ಮಾಡಿತ್ತು. 2024ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ತಳ್ಳಿಹಾಕಿ, ನಕಲಿ ದಾಖಲೆ ಸೃಷ್ಟಿಸುವುದು ಸರ್ಕಾರಿ ಕರ್ತವ್ಯದ ಭಾಗವಾಗಲಾರದು ಎಂದಿದೆ. ಈ ತೀರ್ಪನ್ನು ಪ್ರತಿ ಠಾಣೆಗೂ ಪ್ರತಿ ತಾಲ್ಲೂಕು ಕಚೇರಿಗೂ ಸುತ್ತೋಲೆಯಾಗಿ ಕಳಿಸಬೇಕು. ಅನುಮತಿ ಬೇಕಾದ ಪ್ರಕರಣಗಳಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 218 ವಿಧಿಸಿರುವ 120 ದಿನಗಳ ಗಡುವು ಮೀರಕೂಡದು.

3. ಸರಿಯಾದ ಸೆಕ್ಷನ್ ಹಾಕಲಿ. ಹಾನಿ ಮಾಡಲೆಂದು ತಪ್ಪು ದಾಖಲೆ ಬರೆದ ನೌಕರನಿಗೆ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 201ರಡಿ ಹೆಚ್ಚೆಂದರೆ 3 ವರ್ಷ ಶಿಕ್ಷೆ. ಇಂಥ ಅಪರಾಧ ವಿಚಾರಣೆಗೆ ತೆಗೆದುಕೊಳ್ಳಲು ಕಾಲಮಿತಿಯೂ 3 ವರ್ಷವೇ. ಮೇಲ್ಮನವಿ ಮುಗಿಯುವುದರೊಳಗೆ ಅದು ಕಳೆದುಹೋಗುತ್ತದೆ. ಹಾಗಾಗಿ ಸಾರ್ವಜನಿಕ ರಿಜಿಸ್ಟರನ್ನು ಫೋರ್ಜರಿ ಮಾಡಿದ್ದರೆ 7 ವರ್ಷದವರೆಗೆ ಶಿಕ್ಷೆ ಇರುವ ಸೆಕ್ಷನ್ 337ನ್ನೂ ಸೇರಿಸಲೇಬೇಕು.

4. ಲಾಗಿನ್ ಯಾರದೋ ಹೊಣೆ ಅವರದು. ಭೂಮಿ ತಂತ್ರಾಂಶದಲ್ಲಿ ನಮೂದಿಸಿದವರು ಯಾರು, ಅನುಮೋದಿಸಿದವರು ಯಾರು ಎಂಬ ವಿವರವನ್ನು ಸಂತ್ರಸ್ತರಿಗೆ ದೃಢೀಕೃತ ಪ್ರತಿಯಾಗಿ ಕೊಡಬೇಕು. ಹೊರಗುತ್ತಿಗೆ ಆಪರೇಟರ್ ಒಬ್ಬನನ್ನೇ ಮನೆಗೆ ಕಳಿಸಿ ಕಡತ ಮುಚ್ಚಬಾರದು.

5. ‘ಕಡತ ಸಿಗುತ್ತಿಲ್ಲ’ ಎಂಬ ಉತ್ತರ ಸಾಲದು. ಸಾಗುವಳಿ ಚೀಟಿಯ ಮೂಲ ಕಡತ ರೆಕಾರ್ಡ್ ರೂಮಿನಿಂದ ಕಾಣೆಯಾದರೆ, ಕೊನೆಯದಾಗಿ ಯಾರ ವಶದಲ್ಲಿತ್ತು ಎಂಬುದನ್ನು ಲಿಖಿತವಾಗಿ ತಿಳಿಸಿ ತನಿಖೆಗೆ ಒಪ್ಪಿಸಬೇಕು. ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡುವ ಮೊದಲು ಹಾಳೆಗಳನ್ನು ಎಣಿಸಿ ಸಹಿ ಹಾಕಬೇಕು.

6. ವಿಚಾರಣೆ ಮುಗಿಯುವವರೆಗೆ ಜಮೀನು ಕೈಬದಲಾಗದಿರಲಿ. ದೂರು ದಾಖಲಾದ ಸರ್ವೆ ನಂಬರಿನ ಪಹಣಿಯಲ್ಲೇ ತಕರಾರು ನಮೂದಿಸಿ, ಕ್ರಯಕ್ಕೆ ತಡೆ ಹಾಕಬೇಕು.

7. ಪ್ರಾಮಾಣಿಕ ನೌಕರರಿಗೆ ರಕ್ಷಣೆ ಕೊಡಿ. ಕೈತಪ್ಪಿನಿಂದಾದ ಅಕ್ಷರದೋಷ ಅಪರಾಧವಲ್ಲ. ದುರುದ್ದೇಶವಿದ್ದಲ್ಲಿ ಮಾತ್ರ ಶಿಕ್ಷೆಯಾಗಲಿ. ಮೇಲಧಿಕಾರಿಯ, ರಾಜಕಾರಣಿಯ ಮೌಖಿಕ ಒತ್ತಡಕ್ಕೆ ಮಣಿಯದ ಗ್ರಾಮ ಆಡಳಿತಾಧಿಕಾರಿಯನ್ನು ಎತ್ತಂಗಡಿ ಮಾಡಬಾರದು.

8. ಲೆಕ್ಕ ಜನರ ಮುಂದಿರಲಿ. ಎಷ್ಟು ದೂರು ಬಂದವು, ಎಷ್ಟು ಎಫ್‌ಐಆರ್ ಆದವು, ಎಷ್ಟರಲ್ಲಿ ಶಿಕ್ಷೆಯಾಯಿತು ಎಂಬುದನ್ನು ಪ್ರತಿ ವರ್ಷ ಜಿಲ್ಲಾವಾರು ಪ್ರಕಟಿಸಬೇಕು.

ಹೊಸ ಕಾನೂನು ತನ್ನಿ ಎಂದು ನಾವು ಕೇಳುತ್ತಿಲ್ಲ. ಇರುವ ಕಾನೂನು ಸರ್ಕಾರಿ ನೌಕರನಿಗೂ ಅನ್ವಯಿಸಲಿ ಎನ್ನುತ್ತಿದ್ದೇವೆ. ಪ್ರತಿ ಹಕ್ಕೊತ್ತಾಯಕ್ಕೂ 60 ದಿನದೊಳಗೆ ಲಿಖಿತ ಉತ್ತರ ಕೊಡಬೇಕೆಂದು ಆಗ್ರಹಿಸುತ್ತೇವೆ.

ಇಂತಿ,
ಸುಳ್ಳು ದಾಖಲೆಗಳಿಂದ ಜಮೀನು ಕಳೆದುಕೊಂಡ ರೈತ ಕುಟುಂಬಗಳು