ಹೋಟೆಲಿನ ಸ್ಮರಣೆಯಲ್ಲಿ ಪಂಕ್ತಿಭೇದ

ಈಚೆಗೆ ನಮ್ಮ ಪತ್ರಿಕೆಗಳಲ್ಲಿಯೂ ಸಭೆಗಳಲ್ಲಿಯೂ ಹಳೆಯ ಹೋಟೆಲುಗಳನ್ನು ಕೊಂಡಾಡುವ ರೂಢಿಯೊಂದು ಬಲವಾಗಿ ಬೇರೂರಿದೆ. ೨೦೦೮ರಲ್ಲಿ ಚೆನ್ನೈಯ ವುಡ್‌ಲ್ಯಾಂಡ್ಸ್ ಡ್ರೈವ್ ಇನ್ ಮುಚ್ಚಿದಾಗ ಒಂದು ಶೋಕ. ೨೦೦೯ರಲ್ಲಿ ಇಂಡಿಯಾ ಕಾಫಿ ಹೌಸು ಬೆಂಗಳೂರಿನ ಮಹಾತ್ಮಾ ಗಾಂಧಿ ರಸ್ತೆಯನ್ನು ಬಿಟ್ಟಾಗ ಇನ್ನೊಂದು. ೨೦೨೩ರ ಡಿಸೆಂಬರಿನಲ್ಲಿ ಮಲ್ಲೇಶ್ವರದ ನ್ಯೂ ಕೃಷ್ಣ ಭವನವು ಬಾಗಿಲಿಕ್ಕಿದಾಗ ಮತ್ತೊಂದು. ಪ್ರತಿ ಸಲವೂ ಬರೆವಣಿಗೆಯ ಧಾಟಿ ಒಂದೇ: ಆ ಕಾಲದ ಬೆಣ್ಣೆದೋಸೆ, ಆ ಕಾಲದ ಕಾಫಿ, ಗಲ್ಲೆಯ ಮುಂದೆ ಕುಳಿತ ಯಜಮಾನರ ಸೌಜನ್ಯ, ಕಡೆಗೆ, ಆ ದಿನಗಳು ಮತ್ತೆ ಬಾರವೆಂಬ ನಿಟ್ಟುಸಿರು.

ಈ ಪ್ರೀತಿಯನ್ನು ನಾನು ಹಳಿಯತಕ್ಕವನಲ್ಲ. ಉಡುಪಿಯ ಹೆಸರನ್ನು ದೇಶಾಂತರಗಳಿಗೆ ಒಯ್ದುದು ನಮ್ಮ ಸೀಮೆಯ ಅಡಿಗೆಯವರೇ ಅಲ್ಲವೆ? ಆದರೆ ನೆನೆಯುವುದಾದರೆ ಪೂರ್ತಿಯಾಗಿ ನೆನೆಯಬೇಕು. ರುಚಿಯನ್ನು ಎಲೆಯ ಮೇಲೆ ಬಡಿಸಿಕೊಂಡು, ಬೆವರನ್ನೂ ಅವಮಾನವನ್ನೂ ಹೊರಗಿನ ಜಗಲಿಯಲ್ಲಿ ಕೂಡಿಸುವುದು ಸ್ಮರಣೆಯಲ್ಲ, ಪಂಕ್ತಿಭೇದ. ನನ್ನ ಆಕ್ಷೇಪವಿರುವುದು ಇದರ ಮೇಲೆ.

ಮೊದಲು, ಈ ಹೋಟೆಲುಗಳು ಹುಟ್ಟಿದ ಕಾರಣವನ್ನು ವಿಚಾರಿಸೋಣ. ನಮ್ಮ ಹಿರಿಯರು ಪಾಕಕಲೆಯನ್ನು ಲೋಕಕ್ಕೆ ತೋರುವ ಹಂಬಲದಿಂದ ಊರು ಬಿಟ್ಟವರಲ್ಲ, ಹೊಟ್ಟೆಗಿಲ್ಲದೆ ಬಿಟ್ಟವರು. ತುಳುವರು ಮಾರಿಬೊಳ್ಳವೆಂದು ಕರೆದ ೧೯೨೩ರ ಮಹಾಪೂರವು ಹಲವರನ್ನು ಮನೆಮಠ ಬಿಡಿಸಿತು. ಮುಂದೆ ೧೯೭೪ರಲ್ಲಿ ಜಾರಿಗೆ ಬಂದ ಭೂಸುಧಾರಣೆಯಿಂದ ಗೇಣಿಯ ಆದಾಯವನ್ನು ಕಳೆದುಕೊಂಡ ಮನೆಗಳಿಂದಲೂ ಅನೇಕರು ಇದೇ ದಾರಿ ಹಿಡಿದರು. ೧೯೩೮ರಲ್ಲಿ ಮದರಾಸಿನಲ್ಲಿ ವುಡ್‌ಲ್ಯಾಂಡ್ಸ್ ಸ್ಥಾಪಿಸಿದ ಕಡಂದಲೆಯ ಕೃಷ್ಣರಾಯರೂ ಬಡತನದಲ್ಲಿ ಊರು ಬಿಟ್ಟು, ಪರರ ಅಡಿಗೆಮನೆಯಲ್ಲಿ ದುಡಿದೇ ಮೇಲೆ ಬಂದವರು. ಒರಳಿನ ಮುಂದಿನ ಆ ವರ್ಷಗಳನ್ನು ಬಿಟ್ಟು ಮಹಾದ್ವಾರದ ಚಿತ್ರವನ್ನು ಮಾತ್ರ ಅಚ್ಚು ಹಾಕಿಸುವುದು ಅವರಿಗೆ ಸಲ್ಲಿಸುವ ಗೌರವವಾಗದು.

ಎರಡನೆಯದು ಬಾಗಿಲಿನ ಮಾತು. ಪಾರಂಪಳ್ಳಿಯ ಮಯ್ಯ ಸೋದರರು ೧೯೨೪ರಲ್ಲಿ ಬೆಂಗಳೂರಿನಲ್ಲಿ ತೆರೆದ ಉಪಾಹಾರಗೃಹಕ್ಕೆ ಮೊದಲಿದ್ದ ಹೆಸರು ಬ್ರಾಹ್ಮಣ ಕಾಫಿ ಕ್ಲಬ್ಬು. ಇಂದು ಎಲ್ಲರೂ ಬಲ್ಲ ಮಾವಳ್ಳಿ ಟಿಫಿನ್ ರೂಮ್ಸ್ ಎಂಬ ಹೆಸರು ಬಂದುದು ೧೯೬೦ರಲ್ಲಿ. ಆ ಒಂದು ಸಂಸ್ಥೆಯನ್ನು ದೂರುವುದು ನನ್ನ ಉದ್ದೇಶವಲ್ಲ. ಅಂದು ಅಂಥ ಹಲಗೆಗಳು ಊರೂರಿನಲ್ಲಿಯೂ ಇದ್ದುವು. ದಕ್ಷಿಣದ ರೈಲ್ವೆ ನಿಲ್ದಾಣಗಳ ಭೋಜನಶಾಲೆಗಳಲ್ಲಿಯೇ ಬ್ರಾಹ್ಮಣರಿಗೂ ಇತರರಿಗೂ ಬೇರೆ ಬೇರೆ ಸ್ಥಳಗಳಿದ್ದು, ಅವು ತೊಲಗಿದುದು ೧೯೪೧ರಲ್ಲಿ. ೧೯೫೭ರಲ್ಲಿಯೂ ಮದರಾಸಿನ ಒಂದು ಹೋಟೆಲಿನ ಹಲಗೆಯಲ್ಲಿದ್ದ ಜಾತಿವಾಚಕವನ್ನು ವಿರೋಧಿಸಿ ಪೆರಿಯಾರ್ ರಾಮಸ್ವಾಮಿಯವರು ಚಳವಳಿ ಹೂಡಬೇಕಾಯಿತು. ೧೯೫೦ರ ನಮ್ಮ ಸಂವಿಧಾನದ ೧೫ನೆಯ ವಿಧಿಯು, ಜಾತಿಯ ಕಾರಣದಿಂದ ಯಾರನ್ನೂ ಹೋಟೆಲಿನ ಹೊರಗಿರಿಸಲಾಗದೆಂದು ಹೋಟೆಲನ್ನು ಹೆಸರಿಸಿಯೇ ಸಾರಿದೆ. ಎಲ್ಲರಿಗೂ ತೆರೆದಿದ್ದ ಬಾಗಿಲಿಗೆ ಇಂಥ ಶಾಸನವೇಕೆ ಬೇಕಾಗುತ್ತಿತ್ತು? ಹಳ್ಳಿಯ ಚಹದಂಗಡಿಗಳಲ್ಲಿ ಪ್ರತ್ಯೇಕವಾಗಿ ಇರಿಸಿದ ಲೋಟವನ್ನು ತಾನೇ ತೊಳೆದಿಟ್ಟು ಬಂದವನ ನೆನಪು, ದಲಿತರ ಆತ್ಮಕಥೆಗಳಲ್ಲಿ ಉಳಿದಿರುವುದೇ ಹೊರತು ನಮ್ಮ ದೋಸೆಯ ಲೇಖನಗಳಲ್ಲಿ ಕಾಣದು.

“ಹಳೆಯ ಹುಣ್ಣನ್ನು ಕೆದಕುವುದೇಕೆ? ಹೋಟೆಲೇ ಅಲ್ಲವೆ ಮಡಿಯನ್ನು ಸಡಿಲಿಸಿದುದು?” ಎಂದು ಕೆಲವರು ಕೇಳಬಹುದು. ಇದರಲ್ಲಿ ಸತ್ಯಾಂಶವಿದೆ. ಮನೆಯಲ್ಲಿ ಪರರ ಪಕ್ಕ ಊಟಕ್ಕೆ ಕೂಡದ ಮನುಷ್ಯನು ಹೋಟೆಲಿನಲ್ಲಿ ಅಪರಿಚಿತನ ಎದುರಿಗೆ ಕುಳಿತು ತಿಂಡಿ ತಿಂದನು. ಅಲ್ಲಿ ಕುಲಕ್ಕಿಂತ ಕಾಸು ದೊಡ್ಡದಾಯಿತು. ಆದರೆ ಈ ಸಡಿಲಿಕೆ ತಾನಾಗಿ ಬಂದುದಲ್ಲ. ಬಾಗಿಲಲ್ಲಿ ನಿಂತು ಕೇಳಿದವರಿದ್ದುದರಿಂದ ಬಂದಿತು. ಅವರನ್ನು ಬಿಟ್ಟು ಹೇಳಿದ ಕಥೆಯಲ್ಲಿ ಹೋಟೆಲಿನ ನಿಜವಾದ ಹಿರಿಮೆಯೂ ಬಿಟ್ಟುಹೋಗುವುದು.

ಮೂರನೆಯದು, ಮಾಣಿ. ನಮ್ಮ ಸೀಮೆಯಲ್ಲಿ ಮಾಣಿಯೆಂದರೆ ಹುಡುಗ, ವಟು. ಹೋಟೆಲಿನಲ್ಲಿ ಆ ಮಾತಿಗೆ ಬಡಿಸುವವನೆಂಬ ಅರ್ಥ ಬಂದುದು ಬರಿಯ ಅಲಂಕಾರದಿಂದಲ್ಲ; ಬಡಿಸುತ್ತಿದ್ದವನು ನಿಜವಾಗಿ ಹುಡುಗನೇ ಆಗಿದ್ದನು. ಅರುವತ್ತು ದಾಟಿದ ಮೇಲೂ ಅವನು ಮಾಣಿಯಾಗಿಯೇ ಉಳಿದನು. ನಸುಕಿನಲ್ಲಿ ಎದ್ದು, ರಾತ್ರಿ ಮೇಜುಗಳನ್ನು ಒರಸಿ, ಅವುಗಳ ಮೇಲೆಯೇ ಮಲಗಿದವರು ಎಷ್ಟು ಮಂದಿ! ಮುಂಬಯಿಯಲ್ಲಿ ಕನ್ನಡದ ರಾತ್ರಿಶಾಲೆಗಳು ಬೆಳೆದುದು ಇಂಥವರಿಗಾಗಿ. ಹದಿನಾಲ್ಕು ತುಂಬದ ಮಕ್ಕಳನ್ನು ಹೋಟೆಲಿನಲ್ಲಿ ದುಡಿಸಕೂಡದೆಂಬ ನಿಷೇಧವು ದೇಶಕ್ಕೆಲ್ಲ ಅನ್ವಯವಾಗಿ ಬಂದುದು ೨೦೦೬ರಲ್ಲಿ. ದೋಸೆಯ ಬೆಲೆ ಅಷ್ಟು ಅಗ್ಗವಾಗಿದ್ದುದಕ್ಕೆ ಆ ಮಕ್ಕಳ ಕೂಲಿಯೂ ಒಂದು ಕಾರಣವೆಂಬುದನ್ನು ಸ್ಮರಣಪ್ರಿಯರು ಏಕೆ ಬರೆಯರು? ಹೋಟೆಲಿನ ಒಡೆತನವೇ ದುಡಿಯುವವರ ಕೈಗೆ ಬಂದ ನಿದರ್ಶನವೂ ನಮ್ಮಲ್ಲಿದೆ: ಕಾಫಿ ಮಂಡಲಿಯವರು ತಮ್ಮ ಕಾಫಿ ಹೌಸುಗಳನ್ನು ಮುಚ್ಚಿದಾಗ, ೧೯೫೭ರಲ್ಲಿ ಬೆಂಗಳೂರಿನಲ್ಲಿ ಕೆಲಸಗಾರರೇ ಸಹಕಾರ ಸಂಘವನ್ನು ಕಟ್ಟಿದರು. ಅಲ್ಲಿಯ ಕಾಫಿಯನ್ನು ಹೊಗಳುವವರಲ್ಲಿ ಈ ಸಂಘವನ್ನು ನೆನೆಯುವವರು ವಿರಳ.

ಇದೆಲ್ಲ ಕಳೆದುಹೋದ ಕಾಲದ ವ್ಯಾಜ್ಯವಾಗಿದ್ದರೆ ನಾನು ಬರೆಯುತ್ತಿರಲಿಲ್ಲ. ಇಂದು ನಮ್ಮೂರಿನ ಹೋಟೆಲುಗಳಲ್ಲಿ ಮೇಜು ಒರಸುವ ಹುಡುಗರು ಅಸ್ಸಾಮಿನಿಂದಲೂ ಒಡಿಶಾದಿಂದಲೂ ಬಂಗಾಲದಿಂದಲೂ ಬಂದಿದ್ದಾರೆ. ಅವರಿಗೆ ಕನ್ನಡ ಬಾರದೆಂದು ನಾವು ಗದರುತ್ತೇವೆ. ಅವರ ಹೆಸರನ್ನು ಕೇಳುವುದಿಲ್ಲ. ನಮ್ಮ ಅಜ್ಜಂದಿರು ಮದರಾಸಿನಲ್ಲಿ ಇಳಿದಾಗ ತಮಿಳನ್ನು ಕಲಿತು ಇಳಿದಿದ್ದರೆ? ಮಾಟುಂಗದಲ್ಲಿ ಮರಾಠಿಯನ್ನು ಕಲಿತೇ ಲೋಟ ತೊಳೆಯಲು ನಿಂತಿದ್ದರೆ? ತನ್ನ ಮನೆಯ ಮಾಣಿಯನ್ನು ಮರೆತವನು ಮಾತ್ರ ಪರರ ಮಾಣಿಯನ್ನು ಹೀಗೆ ನಡೆಯಿಸಬಲ್ಲನು. ನೆನಪನ್ನು ಅರ್ಧಕ್ಕೆ ಕತ್ತರಿಸಿದುದರ ಫಲವಿದು.

ಆದುದರಿಂದ ನಮ್ಮ ಸಂಘದವರಲ್ಲಿ ನನ್ನ ವಿಜ್ಞಾಪನೆಯೊಂದಿದೆ. ಹಳೆಯ ಹೋಟೆಲುಗಳ ಮೇಲೆ ವಿಶೇಷ ಸಂಚಿಕೆಗಳು ಬರುವುದಾದರೆ ಬರಲಿ; ಆದರೆ ಒಂದೊಂದು ಹೋಟೆಲಿಗೂ ಮೂವರನ್ನು ಕೇಳಿಯೇ ಬರೆಯತಕ್ಕದ್ದು: ಗಲ್ಲೆಯಲ್ಲಿ ಕುಳಿತವರು, ಒಲೆಯ ಮುಂದೆ ನಿಂತವರು, ಬಾಗಿಲಿನಿಂದ ಹಿಂದಿರುಗಿದವರು. ಹಳೆಯ ದರಪಟ್ಟಿಗಳೊಂದಿಗೆ ಸಂಬಳದ ಲೆಕ್ಕದ ಪುಸ್ತಕಗಳನ್ನೂ ಕಾಪಿಡತಕ್ಕದ್ದು. ಇದು ತಡವಾಗಕೂಡದು, ಆ ಕಾಲದಲ್ಲಿ ಮಾಣಿಯಾಗಿದ್ದವರು ಈಗ ಮುಪ್ಪಿನಲ್ಲಿದ್ದಾರೆ, ಮುಚ್ಚಿದ ಹೋಟೆಲಿನ ಮುಂದೆ ಚಿತ್ರ ತೆಗೆಯಿಸಿಕೊಳ್ಳುವ ನಾವು ಅವರ ಮನೆಯ ಬಾಗಿಲನ್ನು ಇನ್ನೂ ತಟ್ಟಿಲ್ಲ.