ಅಂಕಗಳು ಯಾರವು?

ಒಬ್ಬ ವಿದ್ಯಾರ್ಥಿ ಹಲವು ವಿಷಯಗಳನ್ನು ಓದುತ್ತಾನೆ; ಒಂದು ವಿಷಯವನ್ನು ಹಲವು ವಿದ್ಯಾರ್ಥಿಗಳು ಓದುತ್ತಾರೆ. ಡೇಟಾಬೇಸ್ ಎಂಬ ದತ್ತಸಂಚಯದಲ್ಲಿ ಇದನ್ನು ಬರೆದಿಡುವುದೆಂತು? ವಿದ್ಯಾರ್ಥಿಯ ಹೆಸರಿನ ಮುಂದೆ ವಿಷಯ 1, ವಿಷಯ 2, ವಿಷಯ 3 ಎಂದು ಅಂಕಣಗಳನ್ನೆಳೆಯುವವರುಂಟು. ನಾಲ್ಕನೆಯ ವಿಷಯ ಬಂದೊಡನೆ ಕೋಷ್ಟಕವನ್ನೇ ಒಡೆದು ಕಟ್ಟಬೇಕು. ರಸಾಯನಶಾಸ್ತ್ರ ಓದುವವರೆಷ್ಟು ಮಂದಿಯೆಂದು ತಿಳಿಯಲು ಎಲ್ಲ ಅಂಕಣಗಳನ್ನೂ ತಡಕಬೇಕು.

ಐಬಿಎಂ ಸಂಸ್ಥೆಯಲ್ಲಿದ್ದ ಎಡ್ಗರ್ ಕಾಡ್ ಅವರು 1970ರಲ್ಲಿ ದತ್ತಾಂಶಗಳನ್ನು ಗಣಿತದ ಸಂಬಂಧಗಳಾಗಿ ಕಾಣುವ ಮಾರ್ಗವನ್ನು ತೋರಿದರು. ಆ ಮಾರ್ಗದಲ್ಲಿ ಮೂರನೆಯದೊಂದು ಕೋಷ್ಟಕ ಬರುತ್ತದೆ. ಅದರ ಪ್ರತಿ ಸಾಲಿನಲ್ಲಿಯೂ ಒಬ್ಬ ವಿದ್ಯಾರ್ಥಿಯ ಸಂಖ್ಯೆ, ಒಂದು ವಿಷಯದ ಸಂಖ್ಯೆ.

ಇದನ್ನು ಬರಿಯ ಕೊಂಡಿಯೆಂದು ಹೇಳಿ ಮುಗಿಸುವ ಬೋಧನೆ ನನಗೆ ಒಪ್ಪಿಗೆಯಿಲ್ಲ. 72 ಅಂಕಗಳು ಬಂದುವೆನ್ನಿ, ಅವು ಯಾರವು? ವಿದ್ಯಾರ್ಥಿಯೊಬ್ಬನವಲ್ಲ, ರಸಾಯನಶಾಸ್ತ್ರದವೂ ಅಲ್ಲ; ಆ ಜೋಡಿಯವು. (ಎರಡು ಕಾಯಗಳ ನಡುವಣ ಗುರುತ್ವಬಲವೂ ಯಾವುದೊಂದರ ಸೊತ್ತೂ ಅಲ್ಲವಷ್ಟೆ!) ಆದುದರಿಂದ ಆ ಕೋಷ್ಟಕಕ್ಕೆ ‘ವ್ಯಾಸಂಗ’ವೆಂಬಂತಹ ಸ್ವಂತ ಹೆಸರಿರಬೇಕು. ಮರುವರ್ಷ ಅದೇ ಪರೀಕ್ಷೆಗೆ ಕುಳಿತವನಿದ್ದರೆ ಜೋಡಿಯೊಡನೆ ವರ್ಷವನ್ನೂ ಕೂಡಿಸಿ, ಮೂರೂ ಸೇರಿದುದನ್ನೇ ಸಾಲಿನ ಗುರುತೆಂದು ಎಣಿಸಬೇಕು. ಕೊಂಡಿಯೆಂದಷ್ಟೇ ತಿಳಿದವರಿಗೆ ಈ ಪ್ರಶ್ನೆ ಹೊಳೆಯುವುದೇ ಇಲ್ಲ. ಹಳೆಯ ಅಂಕದ ಮೇಲೆ ಹೊಸದನ್ನು ಬರೆದುಬಿಡುತ್ತಾರೆ.