‘ಡಾಕ್ಟರನ್ನು ಕೇಳಿ’ ಎಂಬುದು ಶುಶ್ರೂಷೆಯಲ್ಲ

ಕಲಬುರಗಿಯ ಐವಾನ್-ಎ-ಶಾಹಿ ಪ್ರದೇಶವು ನಿಜಾಮರ ಕಾಲದ ಅತಿಥಿಗೃಹದ ಹೆಸರನ್ನೇ ಇಂದಿಗೂ ಹೊತ್ತಿದೆ. ಆ ಕಡೆಯ ಒಂದು ಮನೆಯಲ್ಲಿ ನನ್ನ ಸೋದರಮಾವನವರು ಕೊನೆಯ ದಿನಗಳನ್ನು ಕಳೆದರು. ಅವರು ತೀರಿಕೊಂಡ ತಿಂಗಳ ಮೇಲೆ ಕಪಾಟನ್ನು ಒಪ್ಪಮಾಡಲು ಹೋದ ನಮಗೆ ಹಳೆಯ ಬಿಸ್ಕತ್ತಿನ ಡಬ್ಬಿಯೊಂದು ಸಿಕ್ಕಿತು. ಒಳಗೆ ಅಟೋರ್ವಾಸ್ಟ್ಯಾಟಿನ್ ಗುಳಿಗೆಯ ಹದಿನೆಂಟು ಪಟ್ಟಿಗಳು, ಒಂದನ್ನೂ ಒಡೆದಿರಲಿಲ್ಲ. ಮಗಳು ತಿಂಗಳು ತಪ್ಪದೆ ತಂದುಕೊಟ್ಟವುಗಳು ಅವು. ಮೇಲೆ ಮಡಿಸಿಟ್ಟ ರಕ್ತಪರೀಕ್ಷೆಯ ವರದಿ. ಎಲ್‌ಡಿಎಲ್ ಕೊಲೆಸ್ಟ್ರಾಲ್ 92 ಎಂದಿದ್ದ ಸಾಲಿನ ಪಕ್ಕದಲ್ಲಿ ‘ನಾರ್ಮಲ್ ಆಗ್ಯಾದ, ಗುಳಗಿ ಸಾಕು’ ಎಂಬ ಅವರ ಕೈಬರಹ. ಆ ವರದಿ ಬಂದ ಒಂಬತ್ತು ತಿಂಗಳಿಗೆ ಅವರಿಗೆ ಎರಡನೆಯ ಹೃದಯಾಘಾತವಾಗಿತ್ತು.

ಗುಳಿಗೆ ಬಿಟ್ಟದ್ದರಿಂದಲೇ ಹಾಗಾಯಿತೆಂದು ಯಾರೂ ಪ್ರಮಾಣ ಮಾಡಿ ಹೇಳಲಾರರು. ಆದರೆ ಮೊದಲ ಬಾರಿ ಆಸ್ಪತ್ರೆಯಿಂದ ಬಿಡುಗಡೆಯಾದ ಸಂಜೆ ನಾನು ಅವರ ಮಂಚದ ಬಳಿಯಲ್ಲಿಯೇ ಇದ್ದೆ. ಅವರು ವಾರ್ಡಿನ ದಾದಿಯನ್ನು, “ಸಿಸ್ಟರ್, ಈ ಗುಳಗಿ ಎಷ್ಟು ದಿನಾ ತಗೋಬೇಕ್ರಿ?” ಎಂದು ಕೇಳಿದರು. ಆಕೆ ಕೈಯಲ್ಲಿದ್ದ ಸಿರಿಂಜಿನಿಂದ ಕಣ್ಣೆತ್ತದೆ, “ಡಾಕ್ಟರಿಗೆ ಕೇಳ್ರಿ ಅಜ್ಜಾರೆ” ಎಂದಳು. ಡಾಕ್ಟರು ಆ ವೇಳೆಗೆ ಹೊರಟುಹೋಗಿದ್ದರು.

ಆ ಹುಡುಗಿಯನ್ನು ನಾನು ದೂರಲಾರೆ. ಅಂದು ಆಕೆಯೊಬ್ಬಳ ಪಾಲಿಗೆ ಇಪ್ಪತ್ತಾರು ರೋಗಿಗಳಿದ್ದರು. ಬೋಧನಾ ಆಸ್ಪತ್ರೆಯಲ್ಲಿ ಮೂವರು ರೋಗಿಗಳಿಗೆ, ಸಾಮಾನ್ಯ ಆಸ್ಪತ್ರೆಯಲ್ಲಿ ಐವರಿಗೆ ಒಬ್ಬ ದಾದಿ ಇರಬೇಕೆಂಬುದು ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡ. ಮೇಲಾಗಿ, ಮೂವತ್ತು ವರ್ಷ ಇದೇ ವೃತ್ತಿಯಲ್ಲಿದ್ದ ನಾನು ಅದೇ ಉತ್ತರವನ್ನು ಎಷ್ಟು ಜನರಿಗೆ ಕೊಟ್ಟಿರುವೆನೋ ಲೆಕ್ಕವಿಲ್ಲ. ಅಂದು ಪಕ್ಕದಲ್ಲಿಯೇ ಇದ್ದ ನಾನಾದರೂ ಬಾಯಿಬಿಡಬಹುದಿತ್ತು. ‘ಡಾಕ್ಟರರ ವಿಷಯದಲ್ಲಿ ನಾವೇಕೆ’ ಎಂಬ ಹಳೆಯ ಅಭ್ಯಾಸ ನನ್ನನ್ನು ಸುಮ್ಮನಾಗಿಸಿತು. ಆ ಅಭ್ಯಾಸದ ವಿರುದ್ಧವೇ ಈ ಲೇಖನ.

ಔಷಧಿಯ ಕೊರತೆ ನಮಗಿಲ್ಲ. ಜಪಾನಿನ ಅಕಿರ ಎಂಡೊ ಎಂಬ ವಿಜ್ಞಾನಿ 1970ರ ದಶಕದಲ್ಲಿ ಬೂಷ್ಟಿನಲ್ಲಿ ಕಂಡುಹಿಡಿದ ವಸ್ತುವಿನಿಂದ ಆರಂಭವಾದ ಸ್ಟ್ಯಾಟಿನ್ ಗುಳಿಗೆಗಳು 1987ರಲ್ಲಿ ಮಾರುಕಟ್ಟೆಗೆ ಬಂದವು. 1994ರಲ್ಲಿ ಪ್ರಕಟವಾದ, 4,444 ಹೃದ್ರೋಗಿಗಳನ್ನು ಒಳಗೊಂಡ ಸ್ಕ್ಯಾಂಡಿನೇವಿಯಾದ ಅಧ್ಯಯನವು ಇವುಗಳಿಂದ ಸಾವಿನ ಅಪಾಯ ಶೇಕಡ 30ರಷ್ಟು ಇಳಿಯಿತೆಂದು ತೋರಿಸಿತು. ಇಂದು ಅಟೋರ್ವಾಸ್ಟ್ಯಾಟಿನ್ ನಮ್ಮ ದೇಶದ ಅಗತ್ಯ ಔಷಧಿಗಳ ಪಟ್ಟಿಯಲ್ಲಿದೆ. ಜನೌಷಧಿ ಕೇಂದ್ರಗಳಲ್ಲಿ ಅಗ್ಗವಾಗಿ ಸಿಗುತ್ತದೆ. ಆದರೆ ಗುಳಿಗೆ ಡಬ್ಬಿಯಲ್ಲಿದ್ದರೆ ರಕ್ತದೊಳಗೆ ಕೆಲಸ ಮಾಡೀತೆ? ಡಬ್ಬಿಗೂ ಬಾಯಿಗೂ ನಡುವಣ ಆ ಒಂದು ಗೇಣಿನ ಅಂತರವನ್ನು ದಾಟಿಸುವ ಕೆಲಸ ದಾದಿಯದು. ಅದನ್ನು ನಾವು ಅವಳಿಂದ ಕಿತ್ತುಕೊಂಡಿದ್ದೇವೆ.

ಸೋದರಮಾವನವರಿಗೆ ಎರಡು ಮಾತು ಸಾಕಾಗಿತ್ತು. ಮೊದಲನೆಯದು, ಸಂಖ್ಯೆ ಇಳಿದದ್ದು ಗುಳಿಗೆ ನುಂಗುತ್ತಿದ್ದುದರಿಂದ. ಬಿಟ್ಟರೆ ಕೆಲವೇ ವಾರಗಳಲ್ಲಿ ಅದು ಮತ್ತೆ ಏರುತ್ತದೆ. ಎರಡನೆಯದು, ಪ್ರಯೋಗಾಲಯದವರು ಅಚ್ಚು ಹಾಕಿದ ‘100ಕ್ಕಿಂತ ಕಡಿಮೆ’ ಎಂಬ ಗೆರೆ ಆರೋಗ್ಯವಂತರಿಗೆ ಸಂಬಂಧಿಸಿದ್ದು. ಒಮ್ಮೆ ಹೃದಯಾಘಾತವಾದವರ ಎಲ್‌ಡಿಎಲ್ 55ಕ್ಕಿಂತ ಕೆಳಗಿರಬೇಕೆಂದು ಭಾರತೀಯ ಹೃದ್ರೋಗ ತಜ್ಞರ ಸಂಘವು 2024ರ ತನ್ನ ಮಾರ್ಗಸೂಚಿಯಲ್ಲಿ ಹೇಳಿದೆ. ಹಾಗಿರುವಾಗ 92 ಎಂಬುದು ಗುಳಿಗೆ ನಿಲ್ಲಿಸುವ ಅಂಕಿಯಲ್ಲ, ಪ್ರಮಾಣ ಹೆಚ್ಚಿಸಬೇಕೇ ಎಂದು ವಿಚಾರಿಸುವ ಅಂಕಿ. ಇದನ್ನು ವಿವರಿಸಲು ಎಂಬಿಬಿಎಸ್ ಪದವಿ ಬೇಕಿಲ್ಲ. ನಾಲ್ಕು ವರ್ಷ ಬಿಎಸ್‌ಸಿ ನರ್ಸಿಂಗ್ ಓದಿದವಳಿಗೆ ಐದು ನಿಮಿಷದ ಪುರಸೊತ್ತು ಬೇಕು, ‘ನೀನು ಹೇಳಬಹುದು’ ಎಂಬ ಅಧಿಕಾರ ಬೇಕು.

‘ಆ ಗುಳಿಗೆಯಿಂದ ಮೈಕೈ ನೋವು ಬರುತ್ತದೆ, ಲಿವರ್ ಹಾಳಾಗುತ್ತದೆ’ ಎಂಬ ಮಾತು ಈಗ ವಾಟ್ಸಾಪಿನಲ್ಲಿ ಮನೆಮನೆಗೂ ತಲುಪಿದೆ. ಹೆದರಿದವರನ್ನು ಮೂರ್ಖರೆಂದು ನಗುವುದು ಬೇಡ. 2001ರಲ್ಲಿ ಸೆರಿವಾಸ್ಟ್ಯಾಟಿನ್ ಎಂಬ ಇದೇ ಗುಂಪಿನ ಔಷಧಿಯನ್ನು ಸ್ನಾಯುಗಳು ಕರಗಿ ಸಾವುಗಳಾದ ಕಾರಣ ಹಿಂದೆಗೆದುಕೊಳ್ಳಬೇಕಾಯಿತು. ಉಳಿದವುಗಳಿಂದಲೂ ಅಪರೂಪಕ್ಕೆ ಅಂಥ ಅಪಾಯವುಂಟು. ಆದರೆ 2020ರಲ್ಲಿ ಪ್ರಕಟವಾದ, ಇಂಗ್ಲೆಂಡಿನಲ್ಲಿ ನಡೆದ ಒಂದು ಅಧ್ಯಯನವನ್ನು ಕೇಳಿ. ತೊಂದರೆಯಾಗುತ್ತದೆಂದು ಸ್ಟ್ಯಾಟಿನ್ ಬಿಟ್ಟಿದ್ದ 60 ಜನರಿಗೆ ವರ್ಷವಿಡೀ ಕೆಲವು ತಿಂಗಳು ನಿಜವಾದ ಗುಳಿಗೆ, ಕೆಲವು ತಿಂಗಳು ಹುಸಿಗುಳಿಗೆ, ಕೆಲವು ತಿಂಗಳು ಏನೂ ಇಲ್ಲದೆ ನೋಡಿದರು. ನಿಜ ಗುಳಿಗೆಯಿಂದ ಉಂಟಾದ ತೊಂದರೆಯ ಶೇಕಡ 90ರಷ್ಟು ಹುಸಿಗುಳಿಗೆಯಿಂದಲೂ ಉಂಟಾಗಿತ್ತು! ನೋವು ಸುಳ್ಳಲ್ಲ, ಕಾರಣ ಮಾತ್ರ ಬೇರೆ. ಅವರವರ ದಿನಚರಿಯನ್ನೇ ಮುಂದಿಟ್ಟು ತೋರಿಸಿದ ಮೇಲೆ ಅರ್ಧದಷ್ಟು ಜನ ಮತ್ತೆ ಗುಳಿಗೆ ಆರಂಭಿಸಿದರು. ಯಾರೋ ಕುಳಿತು ತೋರಿಸಿದರು, ಅವರು ಒಪ್ಪಿದರು.

ಯಾವ ನೋವು ಕಡೆಗಣಿಸತಕ್ಕದ್ದಲ್ಲ ಎಂಬುದನ್ನು ತಿಳಿಯಲು ಸ್ಥಳೀಯ ಬುದ್ಧಿ ಬೇಕು. ಎರಡೂ ತೊಡೆ, ಎರಡೂ ಭುಜಗಳಲ್ಲಿ ಸಹಿಸಲಾಗದ ನೋವು, ನಿತ್ರಾಣ, ಜೊತೆಗೆ ಚಹಾದ ಬಣ್ಣದ ಮೂತ್ರ ಕಂಡರೆ ಗುಳಿಗೆ ನಿಲ್ಲಿಸಿ ತಕ್ಷಣ ಆಸ್ಪತ್ರೆಗೆ ಓಡಬೇಕು. ಆದರೆ ನಮ್ಮ ಮೇ ತಿಂಗಳ ಬಿಸಿಲಿನಲ್ಲಿ ನೀರು ಕಡಿಮೆಯಾದರೆ ಯಾರ ಮೂತ್ರವೂ ಗಾಢವಾಗುತ್ತದೆ. ಚಿಕುನ್‌ಗುನ್ಯದಲ್ಲಿ ಯಾರ ಕೀಲೂ ನೋಯುತ್ತದೆ. ಇವನ್ನು ಬೇರ್ಪಡಿಸಿ ಕೇಳಿ, ಸಂಶಯವಿದ್ದರೆ ಸಿಕೆ ಎಂಬ ರಕ್ತಪರೀಕ್ಷೆಗಾಗಿ ವೈದ್ಯರ ಗಮನ ಸೆಳೆಯುವವಳು ದಾದಿಯೇ. ನಮ್ಮ ನರ್ಸಿಂಗ್ ಪುಸ್ತಕಗಳು ‘ಗ್ರೇಪ್‌ಫ್ರೂಟ್ ತಿನ್ನಬೇಡಿ’ ಎಂದು ರೋಗಿಗೆ ತಿಳಿಸಲು ಹೇಳುತ್ತವೆ. ಕಲಬುರಗಿಯ ಮಾರುಕಟ್ಟೆಯಲ್ಲಿ ಆ ಹಣ್ಣನ್ನು ಕಂಡವರೆಷ್ಟು ಮಂದಿ? ಗಜಕರ್ಣಕ್ಕೆಂದು ನುಂಗುವ ಇಟ್ರಕೋನಜೋಲ್, ಎದೆಯ ಸೋಂಕಿಗೆ ಕೊಡುವ ಕ್ಲಾರಿಥ್ರೊಮೈಸಿನ್ ಇವೂ ಅದೇ ರೀತಿ ಗುಳಿಗೆಯ ಪ್ರಮಾಣವನ್ನು ರಕ್ತದಲ್ಲಿ ಏರಿಸುತ್ತವೆ. ‘ಬೇರೆ ಡಾಕ್ಟರರು ಏನಾದರೂ ಬರೆದುಕೊಟ್ಟಿದ್ದಾರೆಯೇ?’ ಎಂದು ಕೇಳುವವರಿಲ್ಲ. ಮಗುವಿನ ನಿರೀಕ್ಷೆಯಲ್ಲಿರುವ ತಾಯಂದಿರು ಈ ಗುಳಿಗೆಯ ವಿಷಯವನ್ನು ವೈದ್ಯರಿಗೆ ಮೊದಲೇ ತಿಳಿಸಬೇಕೆಂದು ಹೇಳುವವರೂ ಇಲ್ಲ.

ಮನೆಯವರ ತಪ್ಪೂ ಇದೆ. ತಪಸ್ಸುಕಾಲದಲ್ಲಿ ಮಾಂಸದ ಜೊತೆಗೆ ಗುಳಿಗೆಯನ್ನೂ ತ್ಯಜಿಸುವವರನ್ನು ನಾನು ಬಲ್ಲೆ. ಉಪವಾಸದ ದಿನವೂ ಅಟೋರ್ವಾಸ್ಟ್ಯಾಟಿನ್ ನುಂಗಬಹುದು, ಅದಕ್ಕೆ ಊಟದ ಹಂಗಿಲ್ಲ. ‘ಎಣ್ಣೆ ಬಿಟ್ಟಿದ್ದೇನೆ, ಗುಳಿಗೆ ಏತಕ್ಕೆ?’ ಎನ್ನುವವರಿಗೆ ನೆನಪಿರಲಿ, ದೇಹದ ಕೊಲೆಸ್ಟ್ರಾಲಿನ ಬಹುಭಾಗವನ್ನು ನಮ್ಮ ದೇಹವೇ, ಮುಖ್ಯವಾಗಿ ಯಕೃತ್ತು, ತಯಾರಿಸುತ್ತದೆ. ಇನ್ನು ಜೋಳದ ರೊಟ್ಟಿ, ತೊಗರಿಬೇಳೆ, ಕುಸುಬೆ ಎಣ್ಣೆಯ ನಮ್ಮ ಹಿರಿಯರ ಊಟವನ್ನು ಬಿಟ್ಟು ಪಾಮ್ ಎಣ್ಣೆಯಲ್ಲಿ ಕರಿದ ತಿಂಡಿಗೆ ಒಲಿದದ್ದರ ಬಗ್ಗೆ ಬರೆಯಹೊರಟರೆ ಇನ್ನೊಂದು ಲೇಖನವೇ ಆದೀತು.

2025ರ ಜೂನ್, ಜುಲೈಯಲ್ಲಿ ಹಾಸನ ಜಿಲ್ಲೆಯ ಹಠಾತ್ ಸಾವುಗಳ ಸುದ್ದಿಗೆ ಬೆದರಿದ ಜನ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ನಸುಕಿನಿಂದಲೇ ಸಾಲುಗಟ್ಟಿದರು. ಒಂದು ದಿನದ ಇಸಿಜಿಗೆ ಅಷ್ಟು ಆತುರ. ದಿನಕ್ಕೊಂದು ಗುಳಿಗೆಗೆ ಇಷ್ಟು ಅಸಡ್ಡೆ. ನಮ್ಮ ಕಲಬುರಗಿಯಲ್ಲಿಯೂ 2024ರ ಡಿಸೆಂಬರಿನಲ್ಲಿ ಜಯದೇವದ 371 ಹಾಸಿಗೆಗಳ ಕಟ್ಟಡ ಉದ್ಘಾಟನೆಯಾಯಿತು. 371(ಜೆ) ವಿಧಿಗಾಗಿ ಹೋರಾಡಿದ ನಾಡಿಗೆ ಆ ಸಂಖ್ಯೆ ಪ್ರಿಯವಾದದ್ದೇ. ಆದರೆ ಯಾವ ಆಸ್ಪತ್ರೆಯ ಉದ್ಘಾಟನೆಯಲ್ಲಿಯೂ ನಾವು ಎಣಿಸುವುದು ಹಾಸಿಗೆಗಳನ್ನು. ದಾದಿಯರೆಷ್ಟು ಎಂದು ಯಾರೂ ಕೇಳುವುದಿಲ್ಲ. ಸುಪ್ರೀಂ ಕೋರ್ಟಿನ ಸೂಚನೆಯಂತೆ ರಚಿತವಾದ ಸಮಿತಿಯು 2016ರಲ್ಲಿಯೇ, ಸಣ್ಣ ಖಾಸಗಿ ಆಸ್ಪತ್ರೆಯಲ್ಲಿಯೂ ದಾದಿಯ ಸಂಬಳ 20,000 ರೂಪಾಯಿಗಿಂತ ಕಡಿಮೆಯಿರಬಾರದೆಂದು ಶಿಫಾರಸು ಮಾಡಿತು. ನಿಮ್ಮ ನೆರೆಯ ನರ್ಸಿಂಗ್ ಹೋಮಿನಲ್ಲಿ ದುಡಿಯುವ ಹುಡುಗಿಗೆ ಎಷ್ಟು ಸಿಗುತ್ತದೆಂದು ಒಮ್ಮೆ ವಿಚಾರಿಸಿ ನೋಡಿ. ಆಕೆ ಕೊಲ್ಲಿ ದೇಶಕ್ಕೋ ಐರ್ಲೆಂಡಿಗೋ ಹೊರಟರೆ ಆಶ್ಚರ್ಯವೇನು? ಅಲ್ಲಿ ರೋಗಿಗೆ ಔಷಧಿ ವಿವರಿಸುವುದು ಆಕೆಯ ಕರ್ತವ್ಯ, ವಿವರಿಸಿದ್ದಕ್ಕೆ ಆಕೆಯ ಸಹಿ. ಇಲ್ಲಿ ವಿವರಿಸಿದರೆ ‘ನೀನೇನು ಡಾಕ್ಟರಾ?’ ಎಂಬ ಬೈಗುಳ.

‘ಸಮಯವೆಲ್ಲಿದೆ?’ ಎಂದು ಆಡಳಿತದವರು ಕೇಳುತ್ತಾರೆ. ಬಿಡುಗಡೆಯ ದಿನ ಬಿಲ್ಲಿನ ಒಂದೊಂದು ಸಾಲನ್ನೂ ವಿವರಿಸಲು ಅವರ ಬಳಿ ಒಬ್ಬರು ಕುಳಿತೇ ಇರುತ್ತಾರೆ. ಅದೇ ದಿನ, ಅದೇ ಮೇಜಿನ ಪಕ್ಕದಲ್ಲಿ ಒಬ್ಬ ದಾದಿಯನ್ನು ಕೂರಿಸಿ, ಯಾವ ಗುಳಿಗೆ, ಏತಕ್ಕಾಗಿ, ಎಷ್ಟು ಕಾಲ, ಯಾವ ಲಕ್ಷಣಕ್ಕೆ ಓಡಿಬರಬೇಕು ಎಂಬುದನ್ನು ಕನ್ನಡದಲ್ಲಿ ಬರೆದ ಒಂದು ಹಾಳೆಗೆ ಆಕೆಯ ಸಹಿ ಮಾಡಿಸಲಿ. ಎರಡು ತಿಂಗಳ ಮೇಲೆ ಮರುಪರೀಕ್ಷೆಯ ವರದಿ ಬಂದಾಗ ಅದೇ ದಾದಿ ಫೋನು ಮಾಡಿ ಕೇಳಲಿ. ಓದುಗರೇ, ನಿಮ್ಮವರು ಆಸ್ಪತ್ರೆಯಿಂದ ಹೊರಡುವಾಗ ಆ ಹಾಳೆಯನ್ನು ಕೇಳದೆ ಬಿಲ್ಲು ಕಟ್ಟಬೇಡಿ.